ಶನಿಮಹಾತ್ಮನಿಗೆ ಬಾರ್ಲೋ ಅಂದದ್ದು

ನನ್ನ ಮೊಮ್ಮಗಳ ಟೆಲಿಸ್ಕೋಪಿನ ಮಾತು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅವಳು ಒಂಬತ್ತನೇ ಕ್ಲಾಸಿನಲ್ಲಿರುವಾಗಲೇ ಗಾಜಿನ ಬಿಲ್ಲೆಯನ್ನು ಇನ್ನೊಂದು ಗಾಜಿನ ಮೇಲೆ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದವಳು! ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದ ಕಾಲ. ನಮ್ಮ ಮಗಳನ್ನು ಕೊಟ್ಟಿದ್ದು ತಿ. ನರಸೀಪುರಕ್ಕೆ. ಅಲ್ಲಿ ಸ್ಕೂಲಿನ ವಿಜ್ಞಾನ ಶಿಬಿರದಲ್ಲಿ ಅದನ್ನು ಕಲಿತಿದ್ದಳು. ಬೇಸಿಗೆ ರಜೆಗೆ ದೇವನೂರಿನ ನಮ್ಮ ಮನೆಗೆ ಬಂದಾಗ ಅವಳ ಹೆಗಲ ಮೇಲೆ ಬೋರ್‌ವೆಲ್ಲಿಗೆ ಇಳಿಸುವಂಥ ದಪ್ಪ ಪೈಪು. ತಳದಲ್ಲಿ ಅವಳು ತಿಕ್ಕಿದ ಕನ್ನಡಿ, ಮೇಲೆ ತೆರೆದ ಬಾಯಿ. ಬಾಯಿಯ ಹತ್ತಿರ ಒಳಗೊಂದು ಪುಟ್ಟ ಓರೆ ಕನ್ನಡಿ, ಅದರ ಪಕ್ಕದಲ್ಲೊಂದು ತೂತು. ಕಣ್ಣಿಡುವುದು ಅಲ್ಲಿ.

ಸಂಜೆ ಕಣದಲ್ಲಿ ಅದನ್ನು ನಿಲ್ಲಿಸಿದ್ದೇ ತಡ, ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ ಕೂಗಿದಳು: "ಏನಕ್ಕಾ, ಬೋರ್ ಪೈಪ್ನ ಆಕಾಸುಕ್ಕೆ ಬಿಟ್ಟಿದ್ದೀರಿ, ನೀರ್ ಬಿತ್ತಾ?"

"ಬಿದ್ರೆ ನಿಮ್ಮನೆಗೂ ಒಂದ್ ಕೊಡ ಕಳುಸ್ತೀನಿ ಓಗಮ್ಮಿ" ಅಂದೆ.

ಆ ತೂತಿಗೆ ಸಿಕ್ಕಿಸಲು ಮೊಮ್ಮಗಳ ಬಳಿ ಎರಡು ಪುಟ್ಟ ಗಾಜಿನ ಕೊಳವೆಗಳಿದ್ದವು. ಐಪೀಸ್ ಅನ್ನುತ್ತಾರಂತೆ. ಒಂದರ ಮೇಲೆ ಇಪ್ಪತ್ತೈದು, ಇನ್ನೊಂದರ ಮೇಲೆ ನಾಲ್ಕು ಎಂದು ಬರೆದಿತ್ತು. ನಾನು ಇಪ್ಪತ್ತೈದರದ್ದೇ ಜೋರಿನದ್ದು ಅಂದುಕೊಂಡೆ. ಅಲ್ಲವಂತೆ, ಉಲ್ಟಾ ಲೆಕ್ಕ. ನಂಬರು ಸಣ್ಣದಾದಷ್ಟೂ ಆಕಾಶದಲ್ಲಿರುವುದು ದೊಡ್ಡದಾಗಿ ಕಾಣುತ್ತದಂತೆ. ಯಾಕೆ ಹಾಗೆ ಎಂದು ಅವಳು ವಿವರಿಸಿದಳು. ಅರ್ಧ ತಿಳಿಯಿತು, ಇನ್ನರ್ಧಕ್ಕೆ ತಲೆಯಾಡಿಸಿದೆ.

ಇಪ್ಪತ್ತೈದರಲ್ಲಿ ಚಂದ್ರನನ್ನು ನೋಡಿದೆ. ಸುಣ್ಣದ ಗೋಡೆಯ ಚಕ್ಕೆ ಎದ್ದ ಹಾಗೆ ಗುಂಡಿ ಗುಂಡಿ! ಆಮೇಲೆ ಪಡುವಲ ಕಡೆಯ ಒಂದು ಚುಕ್ಕಿಗೆ ಪೈಪು ತಿರುಗಿಸಿ, "ಅಜ್ಜಿ, ಇದೇ ಶನಿ. ಸುತ್ತ ಉಂಗುರ ಇದೆ ನೋಡಿ" ಅಂದಳು. ನನಗೆ ಕಂಡದ್ದು ಒಂದು ಭತ್ತದ ಕಾಳು, ಅಷ್ಟೆ. ನಾಲ್ಕರದ್ದನ್ನು ಹಾಕಿದಳು. ಅದರ ಗಾಜು ಸೂಜಿಯ ಕಣ್ಣಿನಷ್ಟು. ರೆಪ್ಪೆ ತಾಗುವಷ್ಟು ಹತ್ತಿರ ಹೋದರೆ ಮಾತ್ರ ಕಾಣುವುದಂತೆ. ನನಗೋ ಪೊರೆ ತೆಗೆದು ಹೊಲಿಗೆ ಹಾಕಿದ ಕಣ್ಣು, ಮೂಗಿನ ಮೇಲೆ ಸೋಡಾಬುಡ್ಡಿ ಕನ್ನಡಕ. ಅದು ಟಕ್ ಎಂದು ತಾಗಿ ಅಡ್ಡ ನಿಂತಿತು. ಕನ್ನಡಕ ತೆಗೆದು ನೋಡಿದೆ, ಶನಿ ಸೀಮೆಸುಣ್ಣದ ಗೀಟಿನಂತೆ ಉದ್ದಕ್ಕೆ ಎಳೆದುಕೊಂಡಿತ್ತು. ಅವಳು ತಿರುಪು ಎಷ್ಟು ತಿರುಗಿಸಿದರೂ ಗೀಟು ಗೀಟಾಗಿಯೇ ಉಳಿಯಿತು. ಹೊಲಿಗೆ ಬಿದ್ದ ಕಣ್ಣಿನ ಸೊಟ್ಟ ಕನ್ನಡಕವಿಲ್ಲದೆ ಹೋಗುವುದಿಲ್ಲವಂತೆ.

ಎಂಥ ಹೊಟ್ಟೆಯುರಿ ಅನ್ನುತ್ತೀರಿ! ಹುಟ್ಟಿದಾಗಿನಿಂದ ಶನಿ ಶನಿ ಎಂದು ಹೆದರಿದವಳು ನಾನು. ಎಳ್ಳೆಣ್ಣೆ ದೀಪ ಎಷ್ಟು ಹಚ್ಚಿದ್ದೇನೋ. ಆ ಶನಿಗೆ ಬಳೆ ತೊಡಿಸಿದ್ದಾರೆ ಅಂದಮೇಲೆ ಒಂದು ಸಲವಾದರೂ ನೋಡದೆ ಇರುವುದು ಹೇಗೆ? ಅಡುಗೆ ಮಾಡುವಾಗಲೂ ಅದೇ ಯೋಚನೆ. ಬಳೆ ಎಂದರೆ ಗಾಜಿನ ಬಳೆಯ ಹಾಗೆ ತೆಳ್ಳಗೋ, ಕಡಗದ ಹಾಗೆ ಮಂದವೋ? ಮೈಗೆ ಅಂಟಿಕೊಂಡಿದೆಯೋ, ಬಿಟ್ಟುಕೊಂಡಿದೆಯೋ?

ಮೈಸೂರಿನಲ್ಲಿ ಸ್ಕೂಲು ಕಾಲೇಜಿನ ಲ್ಯಾಬ್ ಸಾಮಾನು ಮಾರುವ ಅಂಗಡಿಯೊಂದಿತ್ತು. ಯಾವುದಾದರೂ ಒಂದೇ ಒಂದು ಸಾಮಾನು ತೆಗೆದುಕೋ ಎಂದು ಅವಳಪ್ಪ ಹೇಳಿದ್ದರು. ಅವಳ ಮನಸ್ಸು ಆರು ನಂಬರಿನ ಐಪೀಸಿನ ಮೇಲೆ. ನಾಲ್ಕರದ್ದು ದೊಡ್ಡದಾಗಿ ತೋರಿಸಿದರೂ ಮಸುಕಂತೆ, ಆರರದ್ದರಲ್ಲಿ ಉಂಗುರದ ನಡುವಿನ ಕರಿ ಗೆರೆಯೂ ಕಾಣಬಹುದೆಂದು, ನಾವಿಬ್ಬರೂ ಮೈಸೂರಿಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದರದ್ದೇ ಜಪ.

ಅಂಗಡಿಯವರು ಗಾಜಿನ ಕಪಾಟಿನಿಂದ ತೆಗೆದುಕೊಟ್ಟರು. ಜೊತೆಗೆ ಒಂದು ಹಸಿರು ಗಾಜನ್ನೂ ಮುಂದಿಟ್ಟು, "ಇದು ಚಂದ್ರನ್ನ ನೋಡೋಕೆ ಕಣಮ್ಮ. ಇಲ್ದಿದ್ರೆ ಕಣ್ಣು ಕೋರೈಸುತ್ತೆ" ಅಂದರು.

"ಚಂದ್ರನಿಗೂ ಕೂಲಿಂಗ್ ಗ್ಲಾಸಾ ಸಾ?" ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

ಆರರದ್ದನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಹಾಕಿಕೊಂಡೇ ಬಿಳಿ ಗೋಡೆ ನೋಡಲು ಹೇಳಿದರು. ಪೂರ್ತಿ ದುಂಡಗಿನ ಬೆಳಕು, ಅದರ ಅಂಚು ಸಮೇತ ಕಂಡರೆ ಆ ಗಾಜು ಕನ್ನಡಕದವರಿಗೆ ಆಗುತ್ತದಂತೆ. ನನಗೆ ಕಂಡದ್ದು ಬಾಗಿಲ ಸಂದಿಯಲ್ಲಿ ಇಣುಕಿದಷ್ಟು. ಮೊಮ್ಮಗಳು ಚೀಲದಲ್ಲಿ ತಂದಿದ್ದ ಇಪ್ಪತ್ತೈದರಲ್ಲಿ ನೋಡಿದೆ, ತಟ್ಟೆಯ ಹಾಗೆ ದುಂಡಗೆ ಪೂರಾ ಕಂಡಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಂಗ್ ಬೇಕಾದ್ದ ತಕೊ ಕೂಸೆ. ನನ್ ಕಣ್ಣ ಕಟ್ಕಂಡು ಏನ್ ಮಾಡೀಯೆ?"

"ಸುಮ್ನಿರಿ ಅಜ್ಜಿ" ಅಂದವಳು ಆರರದ್ದನ್ನು ಇನ್ನೊಂದು ಸಲ ಬೆಳಕಿಗೆ ಹಿಡಿದು ನೋಡಿ, ಕಪಾಟಿನ ಮೇಲಿಟ್ಟಳು. "ಅಂಕಲ್, ಬಾರ್ಲೋ ಇದ್ಯಾ?"

ಬಾರ್ಲೋ ಎಂದರೆ ಐಪೀಸಿಗೆ ಮುಂದೆ ಸಿಕ್ಕಿಸುವ ಇನ್ನೊಂದು ಕೊಳವೆ. ಅದು ಇದ್ದದ್ದನ್ನು ಎರಡರಷ್ಟು ಮಾಡಿ ತೋರಿಸುತ್ತದೆ, ಕಣ್ಣನ್ನು ಮಾತ್ರ ಇಪ್ಪತ್ತೈದರ ಹಾಗೆ ದೂರದಲ್ಲೇ ಇಡಬಹುದು. ಅದನ್ನೇ ಕೊಂಡೆವು. ಬಸ್ಸಿನಲ್ಲಿ ನಂಜನಗೂಡು ಬರುವವರೆಗೂ ನಾನು ಆ ಪೊಟ್ಟಣವನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದುಕೊಂಡಿದ್ದೆ.

ಮಾರನೆಯ ಸಂಜೆ, ಹೊತ್ತು ಮುಳುಗಿ ಚುಕ್ಕಿ ಮೂಡುತ್ತಿದ್ದಂತೆ ಮೊಮ್ಮಗಳು ಕಣದಿಂದ ಕೂಗಿದಳು: "ಅಜ್ಜಿ, ಶನಿ ಬಂತು! ಬಾರ್ಲೋ! ಬಾರ್ಲೋ ತನ್ನಿ!"

ಜಗುಲಿಯ ಮೇಲಿದ್ದ ನಮ್ಮ ಯಜಮಾನರು ಎದ್ದು ನಿಂತರು. "ಏನಂದೆ ಅಮ್ಮಿ? ಯಾರ್ನ ಬಾರ್ಲೋ ಅಂದೆ?"

"ಶನಿಗೆ ತಾತ, ಬಾರ್ಲೋ..."

"ಅಯ್ಯೋ ಶಿವನೆ! ಏಳೂವರೆ ವರ್ಸ ಕಾಟ ಕೊಟ್ಟು ಈಗ್ ತಾನೆ ಒಂಟೋಗವ್ನೆ, ಅವನ್ನೋಗಿ ಬಾರ್ಲೋ ಅಂತ ಕರೀತಾಳಲ್ಲ! ಅದೂ ಏಕವಚನದಲ್ಲಿ!"

ನಮ್ಮ ಕಡೆ ಸಲುಗೆಯವರನ್ನು ಬಾರ್ಲಾ, ಬಾರ್ಲೋ ಎಂದೇ ಕರೆಯುವುದು. ಅವರ ತಪ್ಪೇನೂ ಇರಲಿಲ್ಲ. ನಾನು ಪೊಟ್ಟಣ ಬಿಚ್ಚಿ ತೋರಿಸಿ, "ಇದರ ಎಸರು ಕಣ್ರೀ" ಅಂದೆ. ಎಲ್ಲೋ ಪರದೇಶದಲ್ಲಿ ಇದನ್ನು ಕಂಡುಹಿಡಿದವರ ಹೆಸರಂತೆ ಎಂದೂ ಹೇಳಿದೆ.

"ಎಸರೇ ಸರಿಯಿಲ್ಲ. ಇನ್ ಸಾಮಾನು ಸರಿಯಿದ್ದದಾ?" ಎಂದು ಗೊಣಗಿದರೂ ಕಣಕ್ಕೆ ಬಂದರು. ಅವರ ಭಯ ನನಗೆ ಗೊತ್ತು. ಗುಡಿಯಲ್ಲಿ ಶನಿದೇವರ ಎದುರಿಗೆ ಯಾರೂ ನೆಟ್ಟಗೆ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿದು ಕೈಮುಗಿಯುತ್ತೇವೆ. ಇಲ್ಲಿ ನೋಡಿದರೆ ಹೆಂಡತಿ ಗಾಜು ಹಾಕಿಕೊಂಡು ದೃಷ್ಟಿಗೆ ದೃಷ್ಟಿ ಕೊಡಲು ಹೊರಟಿದ್ದಾಳೆ.

ಮೊಮ್ಮಗಳು ಬಾರ್ಲೋವನ್ನೂ ಇಪ್ಪತ್ತೈದರದ್ದನ್ನೂ ತೂತಿಗೆ ಸಿಕ್ಕಿಸಿ, ಅವರ ಕೈಹಿಡಿದು ಪೈಪಿನ ಪಕ್ಕದಲ್ಲಿ ನಿಲ್ಲಿಸಿದಳು. "ತಾತ, ಶನಿ ಎಲ್ಲಿದೆ?"

"ಪಡುವಲಲ್ಲಿ."

"ನಿಮ್ಮ ಮುಖ ಎಲ್ಲಿದೆ?"

ಅವರು ಸುತ್ತ ನೋಡಿದರು. "ಬಡಗಲಿಗದೆ."

"ಮತ್ತೆ? ಎದುರಿಗೆ ಎಲ್ಲಿ ನಿಂತ್ರಿ? ಒಳಗಿನ ಓರೆ ಕನ್ನಡಿ ಅವನನ್ನು ಪಕ್ಕಕ್ಕೆ ತಿರುಗಿಸಿ ತೋರಿಸುತ್ತೆ."

ಅವರು ನನ್ನನ್ನು ಹಿಂದಕ್ಕೆ ಸರಿಸಿದರು. "ಮೊದ್ಲು ನಾನ್ ನೋಡ್ತೀನಿ. ಆಗೋದೇನಿದ್ರೂ ನಂಗಾಗ್ಲಿ." ಇಷ್ಟು ವರ್ಷ ಬಾಳಿದವಳಿಗೆ ಆ ಮಾತಿನ ಒಳಗೇನಿದೆ ತಿಳಿಯದೇ? ಬಗ್ಗಿ, ಕಣ್ಣಿಟ್ಟು, ಹಾವು ಕಂಡವರಂತೆ ಹಿಂದಕ್ಕೆ ಬಂದರು. ಮತ್ತೆ ಬಗ್ಗಿದರು. ಈ ಸಲ ಬೇಗ ಏಳಲಿಲ್ಲ.

"ಇಷ್ಟ್ ಚೆಂದಾಗವ್ನಲ್ಲಾ" ಅಂದರು ಮೆಲ್ಲಗೆ.

"ಸಾಕ್ ಏಳಿ, ಅದೇನ್ ನಿಮ್ಮ ಸ್ವಂತುದ್ದಾ?" ಎಂದು ಅವರನ್ನು ಎಬ್ಬಿಸಿದೆ. ಕನ್ನಡಕ ಮೂಗಿಗೆ ಒತ್ತಿಕೊಂಡು ಬಗ್ಗಿದೆ. ಮೊದಲು ಬರೀ ಕಪ್ಪು. ತಲೆ ಒಂಚೂರು ಆಚೀಚೆ ಮಾಡಿದೆ.

ಕಂಡಿತು! ಕೆನೆಬಣ್ಣದ ಪುಟ್ಟ ಗುಂಡು, ಸುತ್ತ ಬಳೆ. ತೆಳ್ಳಗೂ ಅಲ್ಲ ಮಂದವೂ ಅಲ್ಲ, ತಟ್ಟೆಯ ಅಂಚಿನ ಹಾಗೆ ಅಗಲ. ಎರಡು ಬದಿಯಲ್ಲೂ ಗುಂಡಿಗೂ ಬಳೆಗೂ ನಡುವೆ ಕಪ್ಪು ಆಕಾಶ. ಎಲ್ಲೂ ತಾಗಿಲ್ಲ! "ತಾಗ್ದೆ ಎಂಗ್ ನಿಂತದೆ ಕೂಸೆ? ಬೀಳಲ್ವಾ?" ಎಂದು ಕೇಳುತ್ತಲೇ ಇದ್ದೆ. ಅದು ಬಳೆಯಲ್ಲ, ಲೆಕ್ಕವಿಲ್ಲದಷ್ಟು ಮಂಜುಗಡ್ಡೆಯ ಚೂರುಗಳು ಸುತ್ತುತ್ತಲೇ ಇವೆ, ಅದಕ್ಕೇ ಬೀಳುವುದಿಲ್ಲ ಎಂದು ಹೇಳಿದಳು. ಕೇಳಿದೆ, ಕಣ್ಣು ಮಾತ್ರ ತೆಗೆಯಲಿಲ್ಲ.

ಅಷ್ಟರಲ್ಲಿ ಶನಿ ಅಂಚಿನ ಕಡೆ ಜಾರತೊಡಗಿತು. "ಓಯ್ತಾ ಅದೆ, ಓಯ್ತಾ ಅದೆ!" ಎಂದು ಕಿರುಚಿದೆ.

"ಅದು ಹೋಗ್ತಿಲ್ಲ ಅಜ್ಜಿ, ತಿರುಗ್ತಿರೋದು ನಾವು. ಪೈಪನ್ನ ಮೆತ್ತಗೆ ತಳ್ಳಿ."

ನಾನು? ಅವಳು ತಿಕ್ಕಿ ಮಾಡಿದ್ದನ್ನು ನಾನು ಮುಟ್ಟುವುದೇ? ಬೆರಳ ತುದಿಯಿಂದ ಒಂದಿಷ್ಟು ತಳ್ಳಿದೆ. ಬಳೆ ತೊಟ್ಟುಕೊಂಡು ಶನಿ ಮತ್ತೆ ನಡುವಿಗೆ ಬಂದು ಕೂತಿತು. ಜಾರಿತು, ತಳ್ಳಿದೆ. ಮತ್ತೆ ಜಾರಿತು, ಮತ್ತೆ ತಳ್ಳಿದೆ. ಹಿಂದಿನಿಂದ ತಾತ ಮೊಮ್ಮಗಳು ಇಬ್ಬರೂ ತಮ್ಮ ಸರದಿ ಎಂದು ಜಗಳವಾಡುತ್ತಿದ್ದರು. ನಾನು ಯಾರಿಗೂ ಜಾಗ ಬಿಡಲಿಲ್ಲ.