ಗೋಡೆ ಮೇಲಿನ ಇದ್ದಿಲಜ್ಜಿ

ನಮ್ಮ ಹಾಲ್‌ನ ಗೋಡೆ ಮೇಲಿರುವ ಹೆಂಗಸು ನನ್ನ ಅಜ್ಜಿ ಅಲ್ಲ. ಪಕ್ಕದೂರು ಡೌನರ್ಸ್ ಗ್ರೋವ್‌ನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಇಟ್ಟ ಸೇಲ್‌ನಲ್ಲಿ ಸಿಕ್ಕವಳು. ನಿಜ ಇಷ್ಟೇ. ಮಿಕ್ಕಿದ್ದೆಲ್ಲ ನನ್ನ ಸೊಸೆ ಸುಧಾ ಹೊಸೆದದ್ದು.

ತಂದವಳು ಮೊಮ್ಮಗಳು ಮೇಘಾ. ಹತ್ತೊಂಬತ್ತನೇ ಶತಮಾನದ ಚಾರ್‌ಕೋಲ್ ಪೋರ್ಟ್ರೇಟ್ ಅಂತೆ. ಅಂದರೆ ಇದ್ದಿಲಲ್ಲಿ ಬರೆದ ಮುಖ. ನಡು ಬೈತಲೆ, ಹಿಂದೆ ತುರುಬು, ಕತ್ತು ಮುಚ್ಚುವ ಬ್ಲೌಸು, ಭುಜದ ಮೇಲೆ ಶಾಲು, ಕೈಯಲ್ಲೊಂದು ಪುಸ್ತಕ. ಇಲ್ಲಿಯ ಬಿಳೀ ಹೆಂಗಸೇ ಇರಬೇಕು. ಆದರೆ ಇದ್ದಿಲು ಅದನ್ನೆಲ್ಲ ನೋಡುತ್ತಾ? ಎಲ್ಲರನ್ನೂ ನಮ್ಮ ಬಣ್ಣಕ್ಕೆ ತಂದುಬಿಡುತ್ತೆ.

ಹೋದ ಶನಿವಾರ ಮೇಘಾ ಮೆಚ್ಚಿದ ಹುಡುಗನ ಅಪ್ಪ ಅಮ್ಮ ಮಾತುಕತೆಗೆ ಅಂತ ಅವರೂರು ವಿಕ್ಸಮ್‌ನಿಂದ ನಮ್ಮೂರು ಬೋಲಿಂಗ್‌ಬ್ರೂಕ್‌ವರೆಗೆ ಡ್ರೈವ್ ಮಾಡಿಕೊಂಡು ಬಂದರು. ಹುಡುಗನ ಅಮ್ಮ ವಸಂತಾ ಶೂ ಬಿಚ್ಚಿದವರೇ ಸೀದಾ ಚಿತ್ರದ ಮುಂದೆ ನಿಂತು ಕೈ ಮುಗಿದರು. (ಗೋಡೆ ಮೇಲೆ ಹಳೇ ಮುಖ ಕಂಡರೆ ನಮ್ಮವರು ಮೊದಲು ಕೈ ಮುಗಿಯುತ್ತಾರೆ, ಆಮೇಲೆ ಯಾರು ಅಂತ ಕೇಳುತ್ತಾರೆ.)

“ಮೂಗು ಥೇಟ್ ನಿಮ್ದೇ ಆಂಟಿ,” ಅಂದರು ನನಗೆ.

ನಾನು ಬಾಯಿ ತೆರೆಯುವ ಮೊದಲೇ ಸುಧಾ, ಹೌದು, ಅತ್ತೆಯವರ ಅಜ್ಜಿ, ಅಂದುಬಿಟ್ಟಳು. ಪುಸ್ತಕ ಹಿಡಿದಿದ್ದಾರಲ್ಲ, ಓದಿದವರಾ, ಅಂತ ವಸಂತಾ. ಆ ಕಾಲದಲ್ಲೇ ಮೈಸೂರಲ್ಲಿ ಟೀಚರ್ ಆಗಿದ್ದರಂತೆ. ಹಾಗಾದರೆ ಹಣೆಯಲ್ಲಿ ಕುಂಕುಮ ಯಾಕಿಲ್ಲ?

“ಇದ್ದಿಲಲ್ಲಿ ಕೆಂಪು ಎಲ್ಲಿಂದ ಬರುತ್ತೆ ಹೇಳಿ,” ಅಂದಳು ಸುಧಾ.

ವಸಂತಾ ತಲೆದೂಗಿದರು. ಒಂದು ಕ್ಷಣ ನಾನೂ ನಂಬಿದೆ.

ಹೇಳಿಬಿಡೋಣ ಅಂತ ಮುಂದೆ ಬಾಗಿದೆ. ಸುಧಾ ನನ್ನ ತಟ್ಟೆಗೆ ಇನ್ನೊಂದು ಕೋಡುಬಳೆ ಹಾಕಿದಳು. (ನನ್ನ ಹಲ್ಲಿಗೆ ಒಂದು ಕೋಡುಬಳೆ ಅಂದರೆ ಕಾಲು ಗಂಟೆ ಕೆಲಸ. ಅದು ಅವಳಿಗೆ ಚೆನ್ನಾಗಿ ಗೊತ್ತು.)

ನನ್ನ ನಿಜವಾದ ಅಜ್ಜಿಗೂ ಇದ್ದಿಲಿಗೂ ನಂಟಿತ್ತು. ಪೆಟ್ಟಿಗೆಗೆ ಇದ್ದಿಲು ತುಂಬಿ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದಳು. ಬಾಯಿ ಜೋರು, ಓದು ಸೊನ್ನೆ. ಒಂದು ಫೋಟೋನೂ ಇಲ್ಲ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟೆ. ಅವತ್ತಿಗೆ ನಮ್ಮ ಮನೇಲಿ ಅದೇ ದೊಡ್ಡ ಓದು.

ಊಟ ಮುಗಿಸಿ ಅವರು ಹೊರಟ ಮೇಲೆ ಸುಧಾನ ಕೇಳಿದೆ, ಯಾಕಮ್ಮ ಈ ಸುಳ್ಳು ಅಂತ.

“ಇಸ್ತ್ರಿ ಅಂದ್ರೆ ಅವ್ರೇನಂದ್ಕೋತಾರೆ ಅತ್ತೆ? ಆಗೋ ಸಂಬಂಧ ಕೆಡುತ್ತೆ.”

ಮೇಘಾ ಉಗುರು ಕಚ್ಚುತ್ತಾ ಕೂತಿದ್ದಳು. ನಾಳೆ ಆ ಮನೆಗೆ ಹೋಗಿ ಈ ಟೀಚರಮ್ಮನ ಕಥೆ ಜೀವನಪೂರ್ತಿ ಹೇಳಬೇಕಾದವಳು ಅವಳು ತಾನೇ? “ಅಜ್ಜಿ, ಪ್ಲೀಸ್ ಫಿಕ್ಸ್ ಇಟ್,” ಅಂದಳು.

ಮಾರನೇ ದಿನ ಬೆಳಗ್ಗೆ ಏಳಕ್ಕೆ (ವಿಕ್ಸಮ್‌ನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ, ಅಲ್ಲಿ ಎಂಟು), ಸುಧಾ ಏಳುವ ಮೊದಲೇ, ವಸಂತಾಗೆ ಫೋನ್ ಮಾಡಿದೆ. “ನೋಡಿ, ನೀವು ನಿನ್ನೆ ಕೈ ಮುಗಿದದ್ದು ಯಾರಿಗೆ ಅಂತ ನಮಗೂ ಗೊತ್ತಿಲ್ಲ. ನಮ್ಮಜ್ಜಿ ಬೀದಿಯವರ ಬಟ್ಟೆ ಇಸ್ತ್ರಿ ಮಾಡ್ತಿದ್ದವಳು. ಆ ಮನೆ ಹುಡುಗಿ ಆಗ್ತಾಳಾ ನಿಮಗೆ?”