ಡಾಂಬರು ಬಿಡದ ಲಗಮಣ್ಣ

ಈ ಬರಹಗಾರ ಲಗಮಣ್ಣನನ್ನು ಮೊದಲು ಕಂಡದ್ದು ಕಾಗವಾಡದ ಗಡಿ ತಪಾಸಣೆಯ ನಾಕಾದಲ್ಲಿ, ಎಂಬತ್ತೊಂಬತ್ತನೆಯ ಇಸವಿಯ ಸುಮಾರಿಗೆ. ಒಂದು ಜೀಪಿನ ಪಕ್ಕದಲ್ಲಿ ಇಬ್ಬರು ನಿಂತಿದ್ದರು. ಒಬ್ಬನದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ, ತಿದ್ದಿದ ಮೀಸೆ. ಲೋಕದಲ್ಲಿ ಅವಸರವೆಂಬುದೇ ಇಲ್ಲವೆನ್ನುವಂತೆ ಅಡಕೆ ಕತ್ತರಿಸುತ್ತಿದ್ದ. ಇನ್ನೊಬ್ಬ ಗಿಡ್ಡನೆಯವನು, ಬೆವರೊರೆಸಿಕೊಳ್ಳುತ್ತ, ಗಡಿಯಾರ ನೋಡಿಕೊಳ್ಳುತ್ತ ಜೀಪಿನ ಸುತ್ತ ತಿರುಗುತ್ತಿದ್ದ. ಬರಹಗಾರ ಟೋಪಿಯವನ ಮುಂದೆ ಬಾಗಿ, "ನಮಸ್ಕಾರ್ರಿ ಸಾವಕಾರ್ರ, ನಿಮ್ಮ ದ್ರಾಕ್ಷಿ ಹೆಸರು ಭಾಳ ಕೇಳೀನಿ" ಎಂದ. ಗಿಡ್ಡನೆಯವನ ಕೈಗೆ ತನ್ನ ಚೀಲ ಕೊಟ್ಟು, "ತಮ್ಮಾ, ಇದನ್ನಷ್ಟ ಹಿಡಿ" ಎಂದ.

ಚೀಲ ಹಿಡಿದು ನಿಂತವನು ಅನಂತಪುರದ ದಾದಾಸಾಹೇಬ. ಕಬ್ಬು, ದ್ರಾಕ್ಷಿ, ಎರಡು ಬಾವಿ, ಮೂರು ಸಂಘಗಳ ಸದಸ್ಯತ್ವ ಎಲ್ಲವೂ ಅವನವೇ. ಟೋಪಿಯವನು ದಿಗ್ಗೇವಾಡಿಯ ಲಗಮಣ್ಣ, ಅವನ ಡ್ರೈವರ್. ತಪ್ಪು ತಿದ್ದುವ ಗೋಜಿಗೆ ಲಗಮಣ್ಣ ಹೋಗಲಿಲ್ಲ. "ಹೌದ್ರಿ, ಈ ವರ್ಷ ಹಣ್ಣು ಚಲೋ ಬಂದಾವ" ಎಂದು ಬರಹಗಾರನ ಕೈಗೆ ಎರಡು ಹೋಳು ಅಡಕೆ ಇಟ್ಟ.

ಇದು ಮೊದಲ ಸಲವೇನಲ್ಲ. ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಲಗಮಣ್ಣನಿಗೆ ಒರಗಲು ಲೋಡು ಕೊಟ್ಟು ಕೂರಿಸಿ, ದಾದಾಸಾಹೇಬನಿಗೆ ಹೊರಗೆ ಚಹಾ ಕಳಿಸಿದ್ದರು. ಚಿಕ್ಕೋಡಿಯ ಒಂದು ಮದುವೆಯಲ್ಲಿ ಮೊದಲ ರುಮಾಲು ಸುತ್ತಿದ್ದು ಲಗಮಣ್ಣನ ತಲೆಗೆ. ಹೀಗೆ ಒಂದೊಂದೇ ನಮಸ್ಕಾರ ದಾದಾಸಾಹೇಬನ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು. ಅದಕ್ಕೆ ಬರಹಗಾರನ ಚೀಲವೂ ಸೇರಿತು.

ದಾದಾಸಾಹೇಬನಿಗೆ ತನ್ನ ಬಗ್ಗೆ ಒಂದು ದೊಡ್ಡ ನಂಬಿಕೆಯಿತ್ತು. ಹದಿನಾರು ವರ್ಷಗಳಲ್ಲಿ ತಾನು ಒಂದು ಸಭೆಗೂ ತಡವಾಗಿ ಹೋಗಿಲ್ಲ, ಅದು ತನ್ನ ಶಿಸ್ತು ಎಂದು. ನಿಜ ಸಂಗತಿ ಬೇರೆ. ಸಭೆ ಹನ್ನೊಂದಕ್ಕಿದ್ದರೆ ಆತ ಹತ್ತೂವರೆಗೆ ಸ್ನಾನಕ್ಕೆ ಹೋಗುವವನು. ಆಮೇಲೆ ಆರತಿ. ಹೊಸ್ತಿಲು ದಾಟುವಾಗ ಯಾರಾದರೂ ಸೀನಿದರೆ ಒಳಗೆ ಬಂದು ಐದು ನಿಮಿಷ ಕೂರಬೇಕು. ಹೀಗೆ ಕಳೆದುಹೋದ ಹೊತ್ತನ್ನೆಲ್ಲ ದಾರಿಯಲ್ಲಿ ಹೆಕ್ಕಿ ತರುತ್ತಿದ್ದದ್ದು ಲಗಮಣ್ಣನ ಬಲಗಾಲು. ಯಾವ ಊರಿನ ಎಮ್ಮೆಗಳು ಎಷ್ಟು ಹೊತ್ತಿಗೆ ರಸ್ತೆಗೆ ಬರುತ್ತವೆ, ಯಾವ ಮೋರಿಯ ಮೇಲೆ ನಿಧಾನಿಸಬೇಕು, ಯಾವುದರ ಮೇಲೆ ಕಣ್ಣುಮುಚ್ಚಿ ಬಿಡಬಹುದು, ಎಲ್ಲ ಆ ಕಾಲಿಗೆ ಗೊತ್ತಿತ್ತು.

ತೊಂಬತ್ತೊಂದರಲ್ಲಿ ದಾದಾಸಾಹೇಬ ಜೀಪನ್ನು ಮಾರಿ, ಮುಂಬೈಯ ದಲಾಲನೊಬ್ಬನಿಂದ ವಿಲಾಯತಿ ಸ್ಪೋರ್ಟ್ಸ್ ಕಾರು ತಂದ. ಕೆಂಪು ಬಣ್ಣ, ಎರಡೇ ಸೀಟು, ಎಡಗಡೆ ಸ್ಟೇರಿಂಗು. ಎತ್ತರ ಎಷ್ಟೆಂದರೆ, ಅಂಗಳದ ಹೋತ ಅದರಾಚೆಗಿನ ಗೋದಲಿಯನ್ನು ಸಲೀಸಾಗಿ ನೋಡುತ್ತಿತ್ತು. ಬಾಗಿಲು ಸರಿಯಾಗಿ ಹಾಕದಿದ್ದರೆ ಕುಂಯ್ ಎನ್ನುತ್ತಿತ್ತು, ಬೆಲ್ಟು ಕಟ್ಟಿಕೊಳ್ಳದಿದ್ದರೆ ಇನ್ನೊಂದು ರಾಗದಲ್ಲಿ ಕುಂಯ್ ಎನ್ನುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಸಂಗತಿ ಒಂದು ಬಟನ್.

ಅಂಗಳದಲ್ಲಿ ದ್ರಾಕ್ಷಿ ತೋಟದ ಆಳುಗಳು, ಓಣಿಯವರು ಎಲ್ಲ ಸೇರಿದ್ದರು. ದಾದಾಸಾಹೇಬ ಬಾನೆಟ್ಟಿನ ಮೇಲೆ ಕೈಯಿಟ್ಟು ಭಾಷಣವನ್ನೇ ಮಾಡಿದ.

"ಎಷ್ಟ ಜೋರ ಹೋಗಬೇಕೋ ಅಷ್ಟಕ್ಕ ತಂದು ಈ ಬಟನ್ ಒತ್ತೂದು. ಆಮ್ಯಾಲ ಕಾಲ ತೆಗದು ಆರಾಮ ಕುಂಡ್ರೂದು. ಗಾಡಿ ತಾನ ಓಡತೈತಿ. ಇದಕ ಕ್ರೂಜ್ ಕಂಟ್ರೋಲ್ ಅಂತಾರ." ಗುಂಪಿನಲ್ಲಿ ಬಿಳಿ ಟೋಪಿ ಕಂಡಿತು. ಅವನ ದನಿ ಏರಿತು. "ಹದಿನಾರ ವರ್ಷ ನಿನ್ನ ಬಲಗಾಲಿಗೆ ಪಗಾರ ಕೊಟ್ನೆಲೇ ಲಗಮ್ಯಾ. ಈಗ ಆ ಕಾಲಿನ ಕೆಲಸ ಒಂದ ಬಟನ್ ಮಾಡತೈತಿ. ಆ ಟೋಪಿ ಒಯ್ದು ಹೊಲದಾಗಿನ ಬೆದರುಗೊಂಬಿಗೆ ಹಾಕು, ಹೋಗು."

ಅಂಗಳವೆಲ್ಲ ನಕ್ಕಿತು. ನಗದವಳು ದಾದಾಸಾಹೇಬನ ಹೆಂಡತಿ ಗೌರಾಬಾಯಿ ಒಬ್ಬಳೇ. "ಮಂದಿ ಮುಂದ ಹಿಂಗ ಮಾತಾಡ್ತಾರೇನ್ರೀ? ಮನಶ್ಯಾ ಅಲ್ಲೇನ ಅಂವ?" ಎಂದಳು.

ಲಗಮಣ್ಣ ತನ್ನ ಊರಿಗೆಂದು ಕುಡಚಿಗೆ ಹೋಗುವ ಬಸ್ಸು ಹಿಡಿದ. ಬಸ್ಸು ಕೃಷ್ಣೆಯ ಸೇತುವೆ ದಾಟುವ ಹೊತ್ತಿಗೆ ಅವನ ಮನಸ್ಸಿನಲ್ಲಿ ಎಲ್ಲ ಇತ್ಯರ್ಥವಾಗಿತ್ತು. ಹೊಡೆಯುವುದಿಲ್ಲ, ಬಣವೆಗೆ ಬೆಂಕಿ ಇಡುವುದಿಲ್ಲ. ಅವನ್ನೆಲ್ಲ ಮಾಡಲು ಯಾರಾದರೂ ಆದೀತು, ಡ್ರೈವರೇ ಬೇಕಿಲ್ಲ. ದಾದಾಸಾಹೇಬ ನಾಲ್ಕು ಜನರ ಮುಂದೆ ತನ್ನನ್ನು ಬಾ ಎಂದು ಕರೆಯಬೇಕು, ತಾನು ಬರುವುದಿಲ್ಲ ಎನ್ನಬೇಕು. ಇದಕ್ಕಿಂತ ಕಡಿಮೆಗೆ ಅವನು ಒಪ್ಪುವವನಲ್ಲ, ಹೆಚ್ಚಿನದರ ಆಸೆಯೂ ಇರಲಿಲ್ಲ.

ಅನಂತಪುರದ ಕ್ರಾಸಿನಲ್ಲಿ ಹಾಲಸಿದ್ದನ ಚಹಾದಂಗಡಿ. ಅಲ್ಲಿ ಕೆಲವು ವಾರ ಬಟನ್ನಿನದೇ ಚರ್ಚೆ. ಸ್ಪೋರ್ಟ್ಸ್ ಕಾರಿಗೆ ಅದು ಇರಬೇಕೋ ಬೇಡವೋ ಎಂದು, ಸೈಕಲ್ಲೂ ಇಲ್ಲದವರು ಗಂಟೆಗಟ್ಟಲೆ ವಾದಿಸಿದರು. ಒಮ್ಮೆ ಅಲ್ಲಿ ಇಳಿದ ಲಗಮಣ್ಣನನ್ನೂ ಹಾಲಸಿದ್ದ ಕೆಣಕಿದ.

"ಏನಂತೀ ಲಗಮಣ್ಣಾ? ದೂರದ ಹಾದಿಗೆ ಚಲೋ ಅಲ್ಲೇನ? ಕಾಲ ನೋಯೂದಿಲ್ಲ."

"ಹಾಲಸಿದ್ದಾ, ಎತ್ತಿನ ಗಾಡಿಗೆ ಹಾಕು, ಬ್ಯಾಡ ಅನ್ನೂದಿಲ್ಲ. ಲಾರಿಗೆ ಹಾಕು, ಪಾಪ, ಡ್ರೈವರನ ಕಾಲಿಗೆ ಇಸ್ರಾಂತಿ ಸಿಗಲಿ. ಆದ್ರ ಇದು ಓಡಸೂ ಚಟಕ್ಕ ತಗೊಂಡ ಗಾಡಿ. ಅದರಾಗ ಕಾಲ ತೆಗದು ಕುಂಡ್ರೂದಂದ್ರ, ಹೋಳಿಗಿ ಉಣ್ಣಾಕ ಕುಂತು ನುಂಗಾಕ ಆಳ ಹಚ್ಚಿದಂಗ."

"ಹೊಟ್ಟಿಕಿಚ್ಚಿಗೆ ಅಂತಿ ನೋಡು."

"ಹೌದು, ಹೊಟ್ಟಿಕಿಚ್ಚಿಗೂ ಅಂತೀನಿ" ಎಂದು ಲಗಮಣ್ಣ ಚಹಾ ಮುಗಿಸಿದ.

ಅವನಿಗೆ ಬೇಗನೆ ಕೆಲಸ ಸಿಕ್ಕಿತು. ಅನಂತಪುರದ ಇನ್ನೊಬ್ಬ ಕಬ್ಬಿನ ಕುಳ ಧನಪಾಲ ತನ್ನ ಟ್ರ್ಯಾಕ್ಟರಿಗೆ ಅವನನ್ನು ಕರೆದುಕೊಂಡ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಅಥಣಿಯ ಆಚೆಗಿನ ಕಾರ್ಖಾನೆಗೆ ಹೋಗುವ ಕೆಲಸ. ಮನೆಯಲ್ಲಿ ಹೆಂಡತಿ ಸುಂದ್ರವ್ವ ಸಮಾಧಾನ ಹೇಳಿದಳು.

"ಮರತಬಿಡ್ರಿ. ಉಣ್ಣೂ ಮುಂದ ಹಲ್ಲ ಕಡೀತೀರಿ, ನೀರ ಕುಡಿಯೂ ಮುಂದನೂ ಹಲ್ಲ ಕಡೀತೀರಿ. ರೊಟ್ಟಿ ಕಡಿಯಾಕ ಹಲ್ಲ ಉಳೀಬೇಕಲ್ಲ?"

"ಅಲ್ಲೀತನಕ ಮೆತ್ತನ್ನ ರೊಟ್ಟಿ ಬಡಿ" ಎಂದ ಲಗಮಣ್ಣ.

ಟ್ರ್ಯಾಕ್ಟರಿನ ಸ್ಟೇರಿಂಗಿನ ಕೆಳಗೆ ಒಂದು ಕಡ್ಡಿಯಿರುತ್ತದೆ. ಅದನ್ನು ಕೈಯಿಂದ ಎಳೆದುಬಿಟ್ಟರೆ ಎಂಜಿನ್ನು ಅದೇ ವೇಗದಲ್ಲಿ ಓಡುತ್ತಿರುತ್ತದೆ, ಎಕ್ಸಿಲರೇಟರನ್ನು ಕಾಲಿನಿಂದ ಒತ್ತಬೇಕಾಗಿಲ್ಲ. ಉಳುವಾಗ ಎಲ್ಲರೂ ಮಾಡುವ ಕೆಲಸ. ದಾದಾಸಾಹೇಬ ಮುಂಬೈಯಿಂದ ಹೊತ್ತು ತಂದ ಪವಾಡ ಅವನ ಹೊಲದಲ್ಲೇ ಇಪ್ಪತ್ತು ವರ್ಷದಿಂದ ಕಬ್ಬಿನ ಸಾಲಿಗೆ ಮಣ್ಣು ಏರಿಸುತ್ತಿತ್ತು. ಲಗಮಣ್ಣ ಇದನ್ನು ಯಾರಿಗೂ ಹೇಳಲಿಲ್ಲ. ಆ ವಿಷಯವನ್ನು ದಾದಾಸಾಹೇಬನಿಗೆ ತಾನೇ, ಸಾವಕಾಶವಾಗಿ ತಿಳಿಸಬೇಕೆಂದಿದ್ದ.

ಇನ್ನೊಂದು ಸಂಗತಿ. ಕಬ್ಬು ಹೇರಿದ ಟ್ರ್ಯಾಕ್ಟರು ಡಾಂಬರು ಬಿಟ್ಟು ಇಳಿಯುವುದಿಲ್ಲ. ಆ ಭಾಗದ ಎಲ್ಲರೂ ಒಪ್ಪಿಕೊಂಡ ನಿಯಮವಿದು. ಅಂಚಿನ ಮೆತ್ತನೆಯ ಎರಿಮಣ್ಣಿಗೆ ಗಾಲಿ ಇಳಿದರೆ ಟ್ರೇಲರ್ ಮಗುಚುತ್ತದೆ. ಅಗಲವಾದ ಜಾಗ ಬಂದಾಗ ಡ್ರೈವರ್ ತಾನಾಗಿ ಬದಿಗೆ ಸರಿದು, ಹಿಂದಿನವನಿಗೆ ಕೈಮಾಡಿ ದಾರಿ ಬಿಡುತ್ತಾನೆ. ಅದು ಬರೀ ಡ್ರೈವರನ ದೊಡ್ಡ ಮನಸ್ಸು. ಬಿಡದಿದ್ದರೆ ಕೇಳುವ ಹಾಗಿಲ್ಲ.

ಮರುವರ್ಷ ಜನವರಿಯಲ್ಲಿ ಒಂದು ಸಹಕಾರಿ ಸಂಘದ ಅಧ್ಯಕ್ಷಗಿರಿಗೆ ಚುನಾವಣೆ ಬಂತು. ನಾಮಪತ್ರಕ್ಕೆ ಕಡೆಯ ದಿನ ಶುಕ್ರವಾರ, ಮಧ್ಯಾಹ್ನ ಮೂರರೊಳಗೆ ಅಭ್ಯರ್ಥಿಯೇ ಖುದ್ದಾಗಿ ಅಥಣಿಯಲ್ಲಿ ಸಲ್ಲಿಸಬೇಕು. ಎದುರಾಳಿ ಧನಪಾಲ ಮಂಗಳವಾರವೇ ಸಲ್ಲಿಸಿ ಬಂದಿದ್ದ. ದಾದಾಸಾಹೇಬನಿಗೆ ಆ ಕುರ್ಚಿಯ ಮೇಲೆ ಹತ್ತು ವರ್ಷದಿಂದ ಕಣ್ಣು. ಅವನ ಕಡೆಯವರು ಮುಂಜಾನೆಯ ಬಸ್ಸಿಗೇ ಅಥಣಿಗೆ ಹೋಗಿ ಮಾಲೆ ಹಿಡಿದು ನಿಂತಿದ್ದರು.

ಲಗಮಣ್ಣ ಹನ್ನೆರಡಕ್ಕೇ ಕಬ್ಬು ಹೇರಿಸಿ, ಊರ ಹೊರಗಿನ ಬೇವಿನ ಮರದ ಕೆಳಗಿನ ಗಟ್ಟಿ ನೆಲದಲ್ಲಿ ಎಂಜಿನ್ ಆರಿಸಿ ಕೂತ. "ಯಾಕ ಇನ್ನೂ ಹೊಂಟಿಲ್ಲ?" ಎಂದು ಕೇಳಿದವರಿಗೆ, "ಎಂಜಿನ್ ಕಾದೈತಿ" ಎಂದ. ಕಾದಿದ್ದು ಎಂಜಿನ್ನಲ್ಲ. ಹದಿನಾರು ವರ್ಷದ ಲೆಕ್ಕದಲ್ಲಿ ಅವನಿಗೆ ಗೊತ್ತಿತ್ತು: ಅರ್ಧ ತಾಸಿನ ದಾರಿ, ಮೂರಕ್ಕೆ ಮುಗಿಯಬೇಕಾದ ಕೆಲಸ, ಹಾಗಾದರೆ ದಾದಾಸಾಹೇಬ ಹೊಸ್ತಿಲು ದಾಟುವುದು ಎರಡು ಇಪ್ಪತ್ತೈದಕ್ಕೆ. ಎರಡು ಇಪ್ಪತ್ನಾಲ್ಕಕ್ಕೆ ಆ ಕಾರಿನ ಗುರುಗುಟ್ಟುವಿಕೆ ಕೇಳಿಸಿತು. ಯಾರೂ ಸೀನಿಲ್ಲ ಎಂದುಕೊಂಡು ಲಗಮಣ್ಣ ಟ್ರ್ಯಾಕ್ಟರನ್ನು ರಸ್ತೆಗೆ ಹತ್ತಿಸಿದ. ಕಡ್ಡಿಯನ್ನು ಒಂದು ಬೆರಳಷ್ಟು ಎಳೆದ. ಎತ್ತು ನಡೆಯುವ ವೇಗ. ಚಪ್ಪಲಿ ಬಿಚ್ಚಿ, ಬಲಗಾಲನ್ನು ಮಡ್‌ಗಾರ್ಡಿನ ಮೇಲೆ ಚಾಚಿದ.

ಹಿಂದೆ ಕಾರು ಬಂದು ಅಂಟಿಕೊಂಡಿತು. ಅಷ್ಟು ಕೆಳಗೆ ಕೂತವನಿಗೆ ಕಬ್ಬಿನ ಸೋಗೆ ಬಿಟ್ಟರೆ ಏನೂ ಕಾಣದು. ಸ್ಟೇರಿಂಗು ಎಡಕ್ಕಿದ್ದುದರಿಂದ ಬಲಗಡೆ ದಾರಿ ಇದೆಯೋ ಇಲ್ಲವೋ ನೋಡಿ ಹೇಳುವ ಕೆಲಸ ಪಕ್ಕದಲ್ಲಿದ್ದ ಗೌರಾಬಾಯಿಯದು.

"ಐತೇನ ದಾರಿ?"

"ಬಸ್ಸ ಬರಾಕತ್ತೈತಿ."

"ಈಗ?"

"ಈಗ ಗಾಡಿ. ಎತ್ತು ಚಲೋ ಅದಾವ."

"ಎತ್ತಿನ ಸುದ್ದಿ ಯಾರ ಕೇಳ್ಯಾರ? ಈಗ?"

"ನಂಗೇನ ಕೇಳ್ತೀರಿ? ಆ ಬಟನ್ನ ಕೇಳ್ರಿ. ನೆಲದ ಮ್ಯಾಲ ಕುಂತು ಹೊಂಟಂಗ ಆಗೈತಿ ನಂಗ."

ಬಟನ್ ಆ ದಿನ ಕೆಲಸಕ್ಕೆ ಬರುವಂತಿರಲಿಲ್ಲ. ಅದಕ್ಕೆ ವೇಗ ಬೇಕು. ಇಲ್ಲಿ ದಾದಾಸಾಹೇಬನ ಎರಡೂ ಕಾಲುಗಳು ಕ್ಲಚ್ಚು ಬ್ರೇಕುಗಳ ಮೇಲೆ ಕುಣಿಯುತ್ತಿದ್ದವು. ಮುಂದೆ ಲಗಮಣ್ಣನ ಕಾಲು ಗಾಳಿ ತೆಗೆದುಕೊಳ್ಳುತ್ತಿತ್ತು. ಶಾಲೆಯ ಹತ್ತಿರ ರಸ್ತೆ ಅಗಲವಾಯಿತು. ಲಗಮಣ್ಣ ಸರಿಯಲಿಲ್ಲ. ಮಠದ ಹತ್ತಿರ ಅಗಲವಾಯಿತು. ನಟ್ಟ ನಡುವೆಯೇ ನಡೆದ. ಹಾರ್ನು ಮೊದಲು ಸಿಟ್ಟಾಯಿತು, ಆಮೇಲೆ ಅಂಗಲಾಚಿತು. ಪ್ರತಿ ಹಾರ್ನಿಗೂ ಲಗಮಣ್ಣ ಒಂದು ಹೋಳು ಅಡಕೆ ಬಾಯಿಗೆ ಹಾಕಿಕೊಂಡ. ಒಂಬತ್ತು ತಿಂಗಳಲ್ಲಿ ಅಡಕೆ ಇಷ್ಟು ರುಚಿಯಾಗಿರಲೇ ಇಲ್ಲ.

ಎರಡು ಮುಕ್ಕಾಲಿಗೆ ಎಂಟು ನಿಮಿಷವಿರುವಾಗ ದಾದಾಸಾಹೇಬನ ತಾಳ್ಮೆ ಹರಿಯಿತು. ತನಗೆ ಕಾಣುತ್ತಿದ್ದದ್ದು ಎಡಬದಿ, ಹಾಗಾಗಿ ಎಡಕ್ಕೇ ಹೊರಳಿಸಿ ನುಗ್ಗಿಸಿದ. ಪಕ್ಕದ ಕಬ್ಬಿಗೆ ಮುಂಜಾನೆ ನೀರು ಹಾಯಿಸಿದ್ದರು. ರಸ್ತೆಯಂಚು ರಾಡಿಯಾಗಿತ್ತು. ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಸರಿಸಮಕ್ಕೆ ಬಂದ ಕಾರು ಬುಸ್ಸೆಂದು ಹೊಟ್ಟೆ ಊರಿ ಕೂತಿತು. ಬಾಗಿಲು ತೆರೆದ ಕೂಡಲೇ ಕುಂಯ್ ಎಂದಿತು. ದಾದಾಸಾಹೇಬ ತಲೆ ಎತ್ತಿದ. ಮೇಲೆ ಒಂದು ಬರಿಗಾಲು, ಅದರಾಚೆ ಬಿಳಿ ಟೋಪಿ.

ಲಗಮಣ್ಣ ಟ್ರ್ಯಾಕ್ಟರ್ ನಿಲ್ಲಿಸಿದ. ಆಚೆಯ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವರು ಕೊಯ್ತಾ ಹಿಡಿದೇ ಬಂದು ಸುತ್ತುಗಟ್ಟಿದರು. ಅಂಗಳದಲ್ಲಿ ನಕ್ಕವರಲ್ಲಿ ನಾಲ್ಕೈದು ಜನ ಅಲ್ಲಿದ್ದರು.

"ನೀ ಏನಲೇ?" ಎಂದ ದಾದಾಸಾಹೇಬ. ಗಡಿಯಾರ ನೋಡಿದ. ದನಿ ಇಳಿಯಿತು. "ಲಗಮಣ್ಣಾ, ಸರಪಳಿ ಹಾಕಿ ಜಗ್ಗು. ಜಗ್ಗಿ ನೀನ ಓಡಸು. ನಿನ್ನ ಬಿಟ್ರ ಯಾರೂ ಮೂರರೊಳಗ ಮುಟ್ಟಸೂದಿಲ್ಲ. ಬಾರಪ್ಪಾ."

ಲಗಮಣ್ಣ ಮನಸ್ಸಿನಲ್ಲೇ ದಾರಿ ಅಳೆದ. ಟ್ರೇಲರ್ ಬಿಡಿಸಲು ಎರಡು ನಿಮಿಷ, ಜಗ್ಗಲು ಎರಡು. ಆ ಎಂಜಿನ್ನು ತನ್ನ ಕಾಲಿನ ಕೆಳಗೆ ಇದ್ದರೆ ಎರಡು ಐವತ್ತೆಂಟಕ್ಕೆ ಅಥಣಿ. ಆಗುತ್ತಿತ್ತು. ಬಲಗಾಲಿನ ಅಂಗಾಲು ತುರಿಸಿತು. ಅಂಥ ಗಾಡಿ ಅವನು ಜನ್ಮದಲ್ಲಿ ಓಡಿಸಿರಲಿಲ್ಲ, ಇನ್ನು ಓಡಿಸುವ ಯೋಗವೂ ಇರಲಿಲ್ಲ. ಅವನು ಆ ಕಾಲನ್ನು ಇನ್ನೊಂದರ ಕೆಳಗೆ ಮಡಚಿಕೊಂಡು ಕೂತ.

"ಬಟನ್ ಒತ್ರಿ ಮಾಲಕ್ರ" ಎಂದ. "ನಾ ಬರೂದಿಲ್ಲ."

ಕಬ್ಬು ಕಡಿಯುವವರಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ.

ಗೌರಾಬಾಯಿ ಸೀರೆ ಎತ್ತಿಕೊಂಡು ರಾಡಿಯಲ್ಲಿ ಇಳಿದು ಬಂದಳು. "ಲಗಮಣ್ಣಾ, ನನ್ನ ಮಾರಿ ನೋಡಿ ಬಾರೋ" ಎಂದಳು.

ಇದೊಂದೇ ಅವನಿಗೆ ಕಷ್ಟವಾದದ್ದು. "ವೈನಿ, ನೀವು ಹತ್ರಿ, ಎಲ್ಲಿ ಅಂತೀರಿ ಅಲ್ಲಿ ಬಿಡತೀನಿ. ಅವರನ್ನ ಒಲ್ಲೆ."

ಗೌರಾಬಾಯಿ ಗಂಡನನ್ನು ನೋಡಿದಳು, ಮುಳುಗಿದ ಕಾರನ್ನು ನೋಡಿದಳು. "ಅಥಣಿಯಾಗ ನಮ್ಮ ಅಕ್ಕನ ಮನಿ ಐತಿ. ನಡಿ" ಎಂದು ಮಡ್‌ಗಾರ್ಡಿನ ಮೇಲೆ ಹತ್ತಿ ಕೂತಳು. ಲಗಮಣ್ಣ ಕಡ್ಡಿಯನ್ನು ಪೂರ್ತಿ ಎಳೆದ.

ದಾದಾಸಾಹೇಬ ಯಾರದೋ ಸೈಕಲ್ಲಿನ ಕ್ಯಾರಿಯರ್ ಮೇಲೆ ಅಥಣಿ ಮುಟ್ಟಿದಾಗ ಮೂರೂ ಮುಕ್ಕಾಲು. ಮಾಲೆ ಹಿಡಿದವರು ಮಾಲೆಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ಹಾಕಿದರು. ಧನಪಾಲ ಅವಿರೋಧವಾಗಿ ಆರಿಸಿಬಂದ. ಸಂತೋಷದಿಂದ ಲಗಮಣ್ಣನನ್ನು ಕರೆಸಿ, "ನನ್ನ ಸಲುವಾಗಿ ಭಾರೀ ಕೆಲಸ ಮಾಡಿದಿ" ಎಂದು ಶಾಲು ಹೊದಿಸಲು ಬಂದ. ಲಗಮಣ್ಣ ಶಾಲನ್ನು ಹಾಗೇ ಮಡಚಿ ಅವನ ಕೈಗಿಟ್ಟ. "ನಿಮ್ಮ ಸಲುವಾಗಿ ಅಲ್ರಿ. ಇದು ನನ್ನ ಸ್ವಂತದ್ದು. ಇದರಾಗ ಪಾಲ ಕೇಳಬ್ಯಾಡ್ರಿ" ಎಂದು ಮರುದಿನದಿಂದ ಬೇರೆ ಟ್ರ್ಯಾಕ್ಟರ್ ನೋಡಿಕೊಂಡ.

ಹಲವು ವರ್ಷದ ಮೇಲೆ ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಬರಹಗಾರನಿಗೆ ಅವನು ಮತ್ತೆ ಸಿಕ್ಕ. ಕಥೆ ಕೇಳಿದ ಬರಹಗಾರ ಗಲ್ಲಕ್ಕೆ ಕೈಯಿಟ್ಟು, ಬಹಳ ಗಂಭೀರವಾಗಿ ಕೇಳಿದ: "ಒಟ್ಟಾರೆ ವಿಚಾರ ಮಾಡಿದ್ರ ಲಗಮಣ್ಣಾ, ಅಂದು ತಪ್ಪಿದ್ದೆಲ್ಲಿ? ಆ ಯಂತ್ರದಾಗೋ, ರಸ್ತೇದಾಗೋ, ಅಥವಾ ಕಾಲಮಾನದಾಗೋ?"

"ಎಲ್ಲೂ ಇಲ್ರಿ" ಎಂದ ಲಗಮಣ್ಣ. "ನಾ ಬೇಕಂತನ ಮಾಡೀನಿ."