ದಿಂಬಿನ ಕೆಳಗಿನ ನೀಲ

ನನ್ನ ಅಕ್ಕನ ಮದುವೆ ನಿಲ್ಲಿಸಲು ಹೊರಟಿದ್ದು ಒಂದು ಕಲ್ಲು. ತೊಗರಿಕಾಳಿಗಿಂತ ತುಸು ದೊಡ್ಡದು, ಅಷ್ಟೇ.

ಅಕ್ಕ ಶಾಂತಾ ಆಳಂದದ ದಾಲ್ ಮಿಲ್ಲಿನಲ್ಲಿ ಕಾಳಿನ ಗುಣಮಟ್ಟ ನೋಡುವವಳು. ಹುಡುಗ ಅಫಜಲಪುರದವನು, ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ನೋಡಿ, ಒಪ್ಪಿ, ದಿನಾ ಸಂಜೆ ಫೋನಿನಲ್ಲಿ ಮಾತಾಡುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ ಹುಡುಗನ ತಾಯಿ ಜೇವರ್ಗಿಯ ಒಬ್ಬ ಜ್ಯೋತಿಷಿಯ ಹತ್ತಿರ ಹೋಗಿಬಂದರು. ಹುಡುಗಿಗೆ ಶನಿಕಾಟ ಇದೆ, ನೀಲದ ಹರಳು ಹಾಕಬೇಕು ಅಂದರಂತೆ. ಕಲ್ಲನ್ನೂ ಜ್ಯೋತಿಷಿಯೇ ಕೊಟ್ಟು ಕಳಿಸಿದರು. (ಎರಡೂ ಮನೆಯವರ ಕೊರಳಲ್ಲಿ ಲಿಂಗವಿದೆ. ಆದರೂ ಬೆರಳಿಗೆ ಶನಿ ಬೇಕು.)

ನೀಲ ಎಲ್ಲರಿಗೂ ಆಗಿಬರೋದಿಲ್ಲವಂತೆ. ಅದಕ್ಕೇ ಉಂಗುರ ಮಾಡಿಸುವ ಮೊದಲು ಟ್ರಯಲ್. ಬಟ್ಟೆಯಲ್ಲಿ ಕಟ್ಟಿ ಮೂರು ರಾತ್ರಿ ದಿಂಬಿನ ಕೆಳಗೆ ಇಡಬೇಕು. ಕೆಟ್ಟ ಕನಸು ಬಿದ್ದರೆ ಕಲ್ಲು ಬೇಡ. ಕಲ್ಲು ಬೇಡ ಎಂದರೆ ಪರಿಹಾರವಿಲ್ಲ. ಪರಿಹಾರವಿಲ್ಲ ಎಂದರೆ ಸಂಬಂಧವಿಲ್ಲ.

ಎರಡನೇ ದಿನ ಬೆಳಿಗ್ಗೆ ಚಹಾ ಸೋಸುತ್ತ ಅಕ್ಕ ಅಂದಳು, "ಸೊನ್ನದ ಬ್ಯಾರೇಜಿನ ಮ್ಯಾಲಿಂದ ನೀರಾಗ ಬಿದ್ದಂಗ ಕನಸು ಬಿತ್ತು." ನನಗೆ ಹೇಳಿದ್ದು ಸರಿ. ಹುಡುಗನ ತಾಯಿ ಫೋನ್ ಮಾಡಿದಾಗ ಅವರಿಗೂ ಹೇಳಿಬಿಟ್ಟಳು.

"ಯಾಕ ಹೇಳ್ದಿ ಬೇ?"

"ಕೇಳಿದ್ರು. ಬಿದ್ದಿತ್ತು. ಹೇಳ್ದೆ."

ಕಾಳಿನಲ್ಲಿ ಹುಳ ಇದ್ದರೆ ಇದೆ ಎಂದೇ ಬರೆಯುವ ಕೈ. ಏನು ಮಾಡೋದು?

ಆ ಸಂಜೆ ಹುಡುಗನ ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ಅಕ್ಕ ಮೊಬೈಲನ್ನು ಒಲೆಯ ಪಕ್ಕಕ್ಕೂ ಒಯ್ಯತೊಡಗಿದಳು.

ನಾನು ಸುಮ್ಮನಿರುವವಳೇ? ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ಮನೆಯ ಕಪಾಟು ತುಂಬ ಇವೆ. ಕಲ್ಲು ತಗೊಂಡು ಹೈದರಾಬಾದಿನ ಬಸ್ ಹತ್ತಿದೆ.

ಅಲ್ಲಿ ಹರಳು ಪರೀಕ್ಷಿಸುವ ಲ್ಯಾಬಿನ ಮೇಡಂ ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಕಲ್ಲಿನೊಳಗೆ ಬಿಲ್ಲಿನಂತೆ ಬಾಗಿದ ಗೆರೆಗಳು. ನೆಲದಲ್ಲಿ ಬೆಳೆದ ನೀಲದೊಳಗೆ ಗೆರೆಗಳು ನೇರ ಇರುತ್ತವೆ. ಹೀಗೆ ಬಾಗಿದ್ದರೆ ಅದು ಕುಲುಮೆಯಲ್ಲಿ ಹುಟ್ಟಿದ್ದು. ಎರಡರದೂ ಒಂದೇ ಮೂಲವಸ್ತು, ಒಂದೇ ನೀಲಿ.

ಇದು ಸುಲಭದ ಕೇಸ್ ಅಂದರು. ಕಷ್ಟದವು ಬೇರೆ ಇವೆಯಂತೆ. ಬಣ್ಣ ಏರಲೆಂದು ಕಲ್ಲನ್ನು ಕಡಿಮೆ ಉರಿಯಲ್ಲಿ ಕಾಸಿದ್ದರೆ ಹೇಗೆ ಪತ್ತೆ ಹಚ್ಚೋದು? ಯಾವ ದೇಶದ ನೆಲದ್ದೆಂದು ಹೇಗೆ ಹೇಳೋದು? ಒಂದೇ ಕಲ್ಲಿಗೆ ಎರಡು ಲ್ಯಾಬ್ ಎರಡು ದೇಶ ಬರೆದುಕೊಡುವುದೂ ಉಂಟು. ಸಂಶೋಧನೆ ಇನ್ನೂ ನಡೆದಿದೆ.

ನನಗೆ ಅಕ್ಕ ನೆನಪಾದಳು. ಒಂದು ಮುಷ್ಟಿ ತೊಗರಿ ನೋಡಿ ಯಾವ ಕಡೆಯ ಹೊಲದ್ದು ಅಂತಾಳೆ. ಬೇಳೆ ಮಿರಿಮಿರಿ ಮಿಂಚಿದರೆ ಎಣ್ಣೆ ಹಚ್ಚಿದ್ದಾರೆ ಅಂತಾಳೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಾಳೆ.

ರಿಪೋರ್ಟ್ ಹಿಡಿದು ಗೆದ್ದವಳ ಹಾಗೆ ಬಂದೆ. ಹುಡುಗನ ತಾಯಿಗೆ ಫೋನ್ ಹಚ್ಚಿದೆ. ಅವರು ಜ್ಯೋತಿಷಿಯನ್ನೂ ಲೈನಿಗೆ ತಗೊಂಡರು.

"ಅದಕ್ಕೇ ನೋಡ್ರಿ ತಾಯಿ, ಕೆಟ್ಟ ಕನಸು ಬಿದ್ದದ್ದು," ಅಂದರು ಜ್ಯೋತಿಷಿ, ಸ್ವಲ್ಪವೂ ತಡವರಿಸದೆ. "ಖೋಟಾ ಮಾಲು. ನನಗೂ ಮೋಸ ಮಾಡ್ಯಾರ. ಅಸಲಿ ತರಸ್ತೇನಿ, ಮತ್ತ ಮೂರ್ ದಿನ ಇಟ್ಟು ನೋಡೋಣು."

ಚಿತ್ ಆಗಿ ಬಿದ್ದೆ! ಕಲ್ಲು ನಕಲಿ ಅಂತ ಸಾಬೀತು ಮಾಡಲು ಓಡಿದ ನಾನು, ಅಸಲಿಯಾದರೆ ಕೆಲಸ ಮಾಡುತ್ತದೆ ಅಂತ ಒಪ್ಪಿಕೊಂಡೇ ವಾದ ಶುರು ಮಾಡಿದ್ದೆ. ಸ್ಪರ್ಧೆಯಲ್ಲಿ ಫಸ್ಟ್ ಇಯರ್ ಹುಡುಗರೂ ಮಾಡದ ತಪ್ಪು.

ಮುಂದಿನ ಸೋಮವಾರ ತಾಯಿ, ಮಗ ಇಬ್ಬರೂ ಆಳಂದಕ್ಕೆ ಬಂದರು. ಅಸಲಿ ಕಲ್ಲು, ಜೊತೆಗೆ ಸರ್ಟಿಫಿಕೇಟು. ಅಕ್ಕ ಅದನ್ನು ಸ್ಯಾಂಪಲ್ ಚೀಟಿ ಓದುವಂತೆ ಪೂರ್ತಿ ಓದಿದಳು.

"ತೂಕ ಬರ್ದಾರ. ದೇಶ ಬರ್ದಾರ. 'ಕಾಸಿದ ಗುರುತು ಕಂಡಿಲ್ಲ' ಅಂತ ಬರ್ದಾರ. ಕಾಸಿಲ್ಲ ಅಂತ ಬರ್ದಿಲ್ಲ ನೋಡ್ರಿ, ಗುರುತು ಕಂಡಿಲ್ಲ ಅಂತ. ತಮಗ ತಿಳಿದಷ್ಟೇ ಹೇಳ್ಯಾರ. ಕನಸಿಂದು ಎಲ್ಲಿ ಬರ್ದಾರ್ರಿ ಅತ್ತಿ?"

ಅಕ್ಕ ಕಲ್ಲಿನ ಪೊಟ್ಟಣವನ್ನು ಹುಡುಗನ ಕಡೆ ಸರಿಸಿದಳು.

"ಲಗ್ನ ಇಬ್ಬರದೂ ಅದ. ಈ ಸಲ ನಿಮ್ಮ ದಿಂಬಿನ ಕೆಳಗ ಇರ್ಲಿ."

"ಅವನಿಗ್ಯಾಕ ಶಾಂತಾ? ಅವನ ಜಾತಕದಾಗ ಏನೂ ದೋಷ ಇಲ್ಲ," ಅಂದರು ತಾಯಿ.

"ಇಲ್ಲಂದ್ರ ಅಂಜಿಕಿ ಯಾಕ್ರಿ?"

ನಾನು ಬಾಯಿ ಮುಚ್ಚಿ ಕೂತಿದ್ದೆ. (ಅಪರೂಪದ ದೃಶ್ಯ.) ಹುಡುಗ ತಾಯಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ, ಪೊಟ್ಟಣ ತೆಗೆದು ಕಿಸೆಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆಯೇ ಹುಡುಗನ ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಿದಳು.

"ಕನಸು ಎಲ್ಲಿದು, ನಿದ್ದಿನೇ ಹತ್ತಲಿಲ್ಲ. ಕೆಟ್ಟದೇನರೆ ಬಿದ್ರ ನೀ ಬ್ಯಾಡ ಅಂತಿ ಅಂತ ಅಂಜಿಕಿ."

"ನಾನೂ ಅದೇ ಅಂಜಿಕಿಯಾಗ ಮಲಗಿದ್ದೆ," ಅಂದಳು ಅಕ್ಕ. "ಅದಕ್ಕೇ ಸೊನ್ನದಾಗ ಬಿದ್ದೆ."

ಎರಡನೇ ರಾತ್ರಿಗೆ ಕಾಯದೆ ಹುಡುಗ ಕಲ್ಲನ್ನು ತಾನೇ ಜೇವರ್ಗಿಯ ಜ್ಯೋತಿಷಿಗೆ ಮುಟ್ಟಿಸಿ ಬಂದ. ತಾಯಿ ನಾಲ್ಕು ದಿನ ಮುಖ ಬಿಗಿದುಕೊಂಡಿದ್ದು, ಐದನೇ ದಿನ ಸೀರೆಯ ಬಣ್ಣ ಯಾವುದಿರಲಿ ಎಂದು ಕೇಳಿದರು. ಅಕ್ಕ ಉಂಗುರದ ಅಳತೆ ಕೊಟ್ಟಿದ್ದಾಳೆ, ಕಲ್ಲಿಲ್ಲದ್ದಕ್ಕೆ.

ಕಲ್ಲನ್ನು ಪರೀಕ್ಷಿಸಲು ಲ್ಯಾಬುಗಳಿವೆ. ಹುಡುಗಿಯ ದಿಂಬನ್ನೇ ಲ್ಯಾಬ್ ಮಾಡಲು ಪರವಾನಗಿ ಕೊಟ್ಟವರು ಯಾರು?